ಅಪ್ಪೆಮಿಡಿ ಮರಗಳ ಡಿಎನ್‌ಎ ಪರೀಕ್ಷೆ: ಎಲೆ ಕೊಯ್ಯುವುದರಿಂದ ಲೆಕ್ಕ ಹಾಕುವವರೆಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹೊಳೆಸಾಲಿನಲ್ಲಿ ಬೆಳೆಯುವ, ಮಿಡಿಯನ್ನು ಉಪ್ಪಿನಕಾಯಿಗೆ ಬಳಸುವ ಮಾವು ಅಪ್ಪೆ. ಒಂದು ಅಪ್ಪೆ ಮರದ ಹಾಗೆ ಇನ್ನೊಂದಿಲ್ಲ. ಒಂದರ ಮಿಡಿಗೆ ಜೀರಿಗೆ ಪರಿಮಳ, ಇನ್ನೊಂದಕ್ಕೆ ಕರ್ಪೂರದ ಘಾಟು. ಒಂದು ಉದ್ದ, ಒಂದು ಗುಂಡು. ಒಂದು ಉಪ್ಪಿನಲ್ಲಿ ವರ್ಷಗಟ್ಟಲೆ ಗಟ್ಟಿಯಾಗಿಯೇ ಇರುತ್ತದೆ, ಇನ್ನೊಂದು ಬೇಗ ಮೆತ್ತಗಾಗುತ್ತದೆ. ಅನಂತಭಟ್ಟನ ಅಪ್ಪೆ, ಮಾಳಂಜಿ, ಕಂಚಪ್ಪೆ ಎಂದು ಹೆಸರಾದವು ಕೆಲವು. ಯಾವ ಹೆಸರೂ ಇಲ್ಲದೆ ಹೊಳೆಬದಿಯ ಮರ ಎಂದಷ್ಟೇ ಕರೆಸಿಕೊಳ್ಳುವವು ಎಷ್ಟೋ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ಸಿಕ್ಕಿದೆ. ಅಂಕೋಲೆಯ ಕರಿ ಇಶಾಡಿ ಮಾವಿಗೂ 2023ರಲ್ಲಿ ಸಿಕ್ಕಿತು. ಆದರೆ ಈ ಹೆಸರುಗಳ ಒಳಗೆ ನಿಜವಾಗಿ ಎಷ್ಟು ಬಗೆಗಳಿವೆ, ಯಾವುದು ಯಾವುದರ ನಂಟು ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ತಿಳಿಯಲು ಡಿಎನ್‌ಎ ಮಾರ್ಕರ್, ಅಂದರೆ ಮರದಿಂದ ಮರಕ್ಕೆ ಬೇರೆಯಾಗುವ ಡಿಎನ್‌ಎಯ ಗುರುತು, ಬೇಕು.

ತೋಟಗಾರಿಕೆ, ಅರಣ್ಯ ಅಥವಾ ಸಸ್ಯಶಾಸ್ತ್ರ ಓದುವವರು, ಊರಿನ ಮರಗಳನ್ನು ದಾಖಲೆ ಮಾಡಬೇಕೆಂದು ಹೊರಟ ಗೆಳೆಯರ ಗುಂಪುಗಳು, ಇವರಿಗಾಗಿ ಈ ಮಾರ್ಗದರ್ಶಿ. ಅಪ್ಪೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರಯೋಗಾಲಯದ ಕೆಲಸ ಕೆಟ್ಟರೆ ಮತ್ತೆ ಮಾಡಬಹುದು. ಮರದ ಬುಡದಲ್ಲಿ ಬರೆದುಕೊಳ್ಳದೆ ಬಿಟ್ಟ ವಿವರ ಮತ್ತೆ ಸಿಗುವುದಿಲ್ಲ. ಮಿಡಿಗಾಗಿ ಕೊಂಬೆಯನ್ನೇ ಕಡಿಯುವುದು, ಮರವನ್ನೇ ಉರುಳಿಸುವುದು ನಮ್ಮಲ್ಲಿ ನಡೆದಿದೆ. ಹೊಳೆದಂಡೆ ಕುಸಿದು ಹೋದ ಮರಗಳೂ ಇವೆ. ಹಾಗಾಗಿ ಇಲ್ಲಿ ಮರದ ಬುಡದ ಕೆಲಸಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಪ್ರಶ್ನೆ ಗಟ್ಟಿ ಮಾಡಿಕೊಳ್ಳಿ

"ತಳಿ ವೈವಿಧ್ಯ ನೋಡಬೇಕು" ಅಂದರೆ ಸಾಲದು. ಏನನ್ನು ನೋಡಬೇಕು? ಮೂರು ಊರಿನಲ್ಲಿ ಜೀರಿಗೆ ಅಪ್ಪೆ ಎಂದು ಕರೆಯುವ ಮರಗಳು ಒಂದೇ ತಾಯಿಮರದ ಕಸಿಗಳೇ, ಅಥವಾ ಪರಿಮಳ ಮಾತ್ರ ಒಂದಾಗಿರುವ ಬೇರೆ ಬೇರೆ ಮರಗಳೇ? ಇದೊಂದು ಪ್ರಶ್ನೆ. ಅಘನಾಶಿನಿ ದಂಡೆಯ ಮರಗಳಿಗೂ ಬೇಡ್ತಿ ದಂಡೆಯ ಮರಗಳಿಗೂ ಎಷ್ಟು ವ್ಯತ್ಯಾಸ? ಇದು ಇನ್ನೊಂದು. ಹತ್ತು ಮರಗಳನ್ನು ಮಾತ್ರ ಕಸಿ ಮಾಡಿ ಉಳಿಸಲು ಸಾಧ್ಯ ಅಂದರೆ ಯಾವ ಹತ್ತನ್ನು ಆರಿಸಬೇಕು? ಇದು ಮೂರನೆಯದು.

ಪ್ರಶ್ನೆ ಬದಲಾದರೆ ಎಲೆ ತರುವ ಲೆಕ್ಕವೂ ಬದಲಾಗುತ್ತದೆ. ಮೊದಲನೆಯದಕ್ಕೆ ಆ ಹೆಸರಿನ ಎಲ್ಲಾ ಮರಗಳೂ ಬೇಕು, ಕಸಿ ಗಿಡಗಳೂ ಬೇಕು. ಎರಡನೆಯದಕ್ಕೆ ಒಂದೊಂದು ಹೊಳೆಸಾಲಿನಿಂದ 20ರಿಂದ 30 ಮರ ಇದ್ದರೆ ಒಳ್ಳೆಯದು. ಅದರಲ್ಲಿ ಕಸಿ ಗಿಡ ಸೇರಬಾರದು. ಸೇರಿದರೆ ಒಂದೇ ಮರವನ್ನು ನಾಲ್ಕು ಸಲ ಎಣಿಸಿದಂತಾಗುತ್ತದೆ.

ಅನುಮತಿ

ಬೆಟ್ಟದಲ್ಲಿ, ಕಾಡಿನಲ್ಲಿ ಇರುವ ಮರವಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಅಘನಾಶಿನಿ ಕಣಿವೆಯ ಸಂರಕ್ಷಿತ ಪ್ರದೇಶದೊಳಗೆ ಹೋಗುವುದಿದ್ದರಂತೂ ಬೇಕೇ ಬೇಕು. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪಂಚಾಯ್ತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅವರಿಗೆ ವಿಷಯ ತಿಳಿಸಿ. ಊರಿನ ಜನತಾ ಜೀವವೈವಿಧ್ಯ ದಾಖಲೆ ಸಿದ್ಧವಾಗಿದ್ದರೆ ಅದನ್ನು ಕೇಳಿ ಓದಿ, ಎಷ್ಟೋ ಮರಗಳ ಸುಳಿವು ಅಲ್ಲೇ ಸಿಗುತ್ತದೆ. ಎಲೆಯಾಗಲಿ ಡಿಎನ್‌ಎ ಆಗಲಿ ಅನುಮತಿ ಇಲ್ಲದೆ ಹೊರದೇಶಕ್ಕೆ ಕಳಿಸುವಂತಿಲ್ಲ.

ತೋಟದ ಮರವಾದರೆ ಮಾಲೀಕರ ಮನೆಯ ಜಗುಲಿಯಲ್ಲಿ ಕೂತು ಮಾತಾಡುವುದೇ ಮೊದಲ ಕೆಲಸ. ಏನು ಮಾಡುತ್ತೀರಿ, ಎಲೆ ಎಲ್ಲಿಗೆ ಹೋಗುತ್ತದೆ, ಫಲಿತಾಂಶ ಯಾವಾಗ ಕೊಡುತ್ತೀರಿ ಎಂದು ಸ್ಪಷ್ಟವಾಗಿ ಹೇಳಿ. ಯಾವ ಮರದ ಮಿಡಿಗೆ ಎಷ್ಟು ಬೆಲೆ ಬರುತ್ತದೆ ಎನ್ನುವುದು ಅವರ ಮನೆಯ ಸಂಗತಿ. ಮರ ಇರುವ ನಿಖರ ಜಾಗವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ.

ಮರದ ಬುಡದಲ್ಲಿ

ಒಂದು ಮರಕ್ಕೆ ಒಂದೇ ಸಂಖ್ಯೆ. ಆ ಸಂಖ್ಯೆಯೇ ಎಲೆಯ ಪೊಟ್ಟಣಕ್ಕೆ, ಟ್ಯೂಬಿಗೆ, ಜೆಲ್‌ನ ಫೋಟೊಗೆ, ಕಂಪ್ಯೂಟರಿನ ಹಾಳೆಗೆ ಹೋಗಬೇಕು. ನಡುವೆ ಎಲ್ಲೂ ಹೊಸ ಸಂಖ್ಯೆ ಹುಟ್ಟಬಾರದು. ಚೀಟಿಯನ್ನು ಸೀಸದ ಪೆನ್ಸಿಲ್‌ನಲ್ಲಿ ಬರೆಯಿರಿ. ಬಾಲ್‌ಪೆನ್ ಶಾಯಿ ಮಳೆಗೂ ಆಲ್ಕೋಹಾಲಿಗೂ ಅಳಿಸಿಹೋಗುತ್ತದೆ. ಒಂದು ಚೀಟಿ ಪೊಟ್ಟಣದ ಒಳಗೆ, ಒಂದು ಹೊರಗೆ.

ಬರೆದುಕೊಳ್ಳಬೇಕಾದ್ದು ಇಷ್ಟು: ಊರು, ಹೊಳೆ ಅಥವಾ ಹಳ್ಳದ ಹೆಸರು, ಜಿಪಿಎಸ್ ಅಂಕಿ, ಮರದ ಸುತ್ತಳತೆ, ಮನೆಯವರು ಕರೆಯುವ ಹೆಸರು, ಮಿಡಿಯ ಆಕಾರ, ತೊಟ್ಟಿನ ಸೊನೆಯ ಪರಿಮಳ, ಉಪ್ಪಿನಲ್ಲಿ ಎಷ್ಟು ಕಾಲ ತಾಳುತ್ತದೆ. ಕೊನೆಯ ಎರಡನ್ನು ಮನೆಯ ಅಮ್ಮಂದಿರ ಹತ್ತಿರವೇ ಕೇಳಿ. ಭರಣಿ ತೆಗೆಯುವವರು ಅವರು. ಯಜಮಾನರು ಹೇಳುವುದಕ್ಕೂ ಅವರು ಹೇಳುವುದಕ್ಕೂ ಕೆಲವೊಮ್ಮೆ ವ್ಯತ್ಯಾಸ ಇರುತ್ತದೆ. ಎರಡನ್ನೂ ಬರೆದುಕೊಳ್ಳಿ.

ಬಿಡದೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: "ಹೆಗಡೇರೆ, ಈ ಮರ ತಾನೇ ಹುಟ್ಟಿದ್ದೋ, ಕಸಿ ಮಾಡಿದ್ದೋ? ಕಸಿಯಾದರೆ ಕಡ್ಡಿ ಎಲ್ಲಿಂದ ತಂದದ್ದು?" ಮಾವಿನಲ್ಲಿ ಇದು ತುಂಬಾ ಮುಖ್ಯ. ಮಾವು ಪರಕೀಯ ಪರಾಗಸ್ಪರ್ಶದ ಮರ. ಒಂದೇ ಭ್ರೂಣದ ಗೊರಟೆಯಿಂದ ಹುಟ್ಟಿದ ಸಸಿ ತಾಯಿಯ ಹಾಗೆ ಇರುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಒಲೂರು, ಬಪ್ಪಕಾಯಿ ತರಹದ ಬಹುಭ್ರೂಣದ ಮಾವುಗಳೂ ಇವೆ. ಅವುಗಳ ಗೊರಟೆಯಿಂದ ತಾಯಿಯ ಪಡಿಯಚ್ಚಾದ ಸಸಿಗಳೂ ಏಳುತ್ತವೆ. ಕಸಿಯಾದರೆ ಮೇಲಿನದು ಪೂರಾ ತಾಯಿಮರವೇ.

ಕಸಿ ಗಿಡದಲ್ಲಿ ಎಲೆ ಕೊಯ್ಯುವಾಗ ಕಸಿಗಂಟಿನ ಮೇಲಿನ ಚಿಗುರನ್ನೇ ತೆಗೆಯಿರಿ. ಗಂಟಿನ ಕೆಳಗೆ ಬುಡದಿಂದ ಎದ್ದ ಚಿಗುರು ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಅದು ಬೇರುಗಿಡದ್ದು. ಅದನ್ನು ತಂದರೆ ಯಾವುದೋ ಕಾಟುಮಾವಿನ ಡಿಎನ್‌ಎ ಅನಂತಭಟ್ಟನ ಹೆಸರಿನಲ್ಲಿ ದಾಖಲಾಗುತ್ತದೆ. ಆಮೇಲೆ ಯಾವ ಲೆಕ್ಕವೂ ಅದನ್ನು ಸರಿ ಮಾಡಲಾರದು.

ಎಂಥ ಎಲೆ? ತಾಮ್ರದ ಬಣ್ಣ ಬಿಟ್ಟು ಹಸಿರಿಗೆ ತಿರುಗುತ್ತಿರುವ ಎಳೆ ಎಲೆ. ಬಲಿತ ಎಲೆಯಲ್ಲಿ ಒಗರು ಮತ್ತು ಅಂಟು ಜಾಸ್ತಿ, ಡಿಎನ್‌ಎ ತೆಗೆಯುವುದು ಕಷ್ಟ. ಬೂದಿರೋಗ, ಹುಳುಗಂಟು ಇದ್ದ ಎಲೆ ಬೇಡ, ಶಿಲೀಂಧ್ರದ್ದೂ ಹುಳದ್ದೂ ಡಿಎನ್‌ಎ ಬೆರೆಯುತ್ತದೆ. ಒಂದು ಮರಕ್ಕೆ ಐದಾರು ಎಲೆ ಸಾಕು. ಸೊನೆ ಚರ್ಮಕ್ಕೆ ತಾಗದ ಹಾಗೆ ನೋಡಿಕೊಳ್ಳಿ, ಸುಡುತ್ತದೆ.

ಕೊಯ್ದ ಎಲೆಯನ್ನು ಬಟ್ಟೆಯಲ್ಲಿ ಒರೆಸಿ, ತೆಳುವಾದ ಕಾಗದದ ಪೊಟ್ಟಣಕ್ಕೆ ಹಾಕಿ, ಸಿಲಿಕಾ ಜೆಲ್ ಇರುವ ಜಿಪ್ ಚೀಲದಲ್ಲಿಡಿ. ಎಲೆಯ ತೂಕದ ಹತ್ತು ಪಟ್ಟಾದರೂ ಸಿಲಿಕಾ ಇರಲಿ. ಬಣ್ಣ ಬದಲಾಯಿಸುವ ಹರಳನ್ನು ಸ್ವಲ್ಪ ಬೆರೆಸಿಟ್ಟರೆ ಯಾವಾಗ ತೇವ ಹೀರಿ ಮುಗಿಯಿತು ಎಂದು ಗೊತ್ತಾಗುತ್ತದೆ. ಮರುದಿನ ನೋಡಿ. ಎಲೆ ಮಡಚಿದರೆ ಪಟಕ್ಕನೆ ಮುರಿಯಬೇಕು. ಬಳುಕಿದರೆ ಸಿಲಿಕಾ ಬದಲಾಯಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿಯ ಗಾಳಿಯೇ ಒದ್ದೆ, ಆ ತಿಂಗಳುಗಳಲ್ಲಿ ಈ ಕೆಲಸ ಇಟ್ಟುಕೊಳ್ಳದಿರುವುದೇ ಲೇಸು. ಮಳೆ ಮುಗಿದು ಹೊಸ ಚಿಗುರು ಬರುವ ಹೊತ್ತು ನೋಡಿ ಎಲೆಗೆ ಹೋಗಿ. ಮಿಡಿಯ ಕಾಲಕ್ಕೆ ಆಕಾರ, ಪರಿಮಳ ನೋಡಲು ಇನ್ನೊಮ್ಮೆ ಹೋಗಿ. ಎರಡು ಓಡಾಟ ತಪ್ಪಿಸಲಾಗುವುದಿಲ್ಲ.

ಯಾವ ಮಾರ್ಕರ್?

1990ರಲ್ಲಿ ಬಂದ ರ‍್ಯಾಪಿಡ್ (RAPD) ವಿಧಾನ ಅಗ್ಗ. ಗಿಡದ ಡಿಎನ್‌ಎ ಬಗ್ಗೆ ಮೊದಲೇ ಏನೂ ಗೊತ್ತಿರಬೇಕಾಗಿಲ್ಲ. ಆದರೆ ಇವತ್ತು ಬಂದ ಬ್ಯಾಂಡ್ (ಜೆಲ್ ಮೇಲೆ ಡಿಎನ್‌ಎ ತುಂಡು ಮೂಡಿಸುವ ಗೆರೆ) ನಾಳೆ ಬರುತ್ತದೆಂಬ ಖಾತ್ರಿ ಇಲ್ಲ, ಒಂದು ಪ್ರಯೋಗಾಲಯದ ಫಲಿತಾಂಶ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಐಎಸ್‌ಎಸ್‌ಆರ್ ಎಂಬ ಇನ್ನೊಂದು ವಿಧಾನ ಅದಕ್ಕಿಂತ ನಂಬಿಕೆಯದು. ಆದರೂ ಎರಡರಲ್ಲೂ ಬ್ಯಾಂಡ್ ಇದೆ ಅಥವಾ ಇಲ್ಲ ಎಂದಷ್ಟೇ ಹೇಳಬಹುದು. ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದ ಪ್ರತಿಗಳು ಒಂದೇ ಬಗೆಯವೋ ಬೇರೆಯವೋ ಗೊತ್ತಾಗುವುದಿಲ್ಲ.

ಎಸ್‌ಎಸ್‌ಆರ್ ಹಾಗಲ್ಲ. ಡಿಎನ್‌ಎಯ ಕೆಲವು ಕಡೆ ಎರಡು ಮೂರು ಅಕ್ಷರಗಳ ಒಂದೇ ತುಂಡು, ಮಣಿ ಪೋಣಿಸಿದ ಹಾಗೆ, ಸಾಲಾಗಿ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆ ಎನ್ನುವುದು ಮರದಿಂದ ಮರಕ್ಕೆ ಬೇರೆ. ಆ ಉದ್ದವನ್ನು ಅಳೆಯುವುದೇ ಎಸ್‌ಎಸ್‌ಆರ್. ತಂದೆಯ ಪ್ರತಿ, ತಾಯಿಯ ಪ್ರತಿ ಎರಡೂ ಕಾಣುತ್ತವೆ. ಮಾವಿಗೆ ಎಸ್‌ಎಸ್‌ಆರ್ ಪ್ರೈಮರ್‌ಗಳು (ಆ ಜಾಗವನ್ನು ಹಿಡಿದುಕೊಡುವ ಡಿಎನ್‌ಎಯ ಚಿಕ್ಕ ತುಂಡುಗಳು) 2005ರ ಹೊತ್ತಿಗೇ ಪ್ರಕಟವಾಗಿವೆ, ತರಿಸಿಕೊಂಡರಾಯಿತು. ಅಪ್ಪೆ ಕೆಲಸಕ್ಕೆ ನಾನು ಹೇಳುವುದು ಇದನ್ನೇ.

ಒಂದೊಂದೇ ಅಕ್ಷರದ ವ್ಯತ್ಯಾಸ ನೋಡುವ ಎಸ್‌ಎನ್‌ಪಿ ವಿಧಾನ ಸಾವಿರಾರು ಜಾಗಗಳನ್ನು ಒಟ್ಟಿಗೆ ತೋರಿಸುತ್ತದೆ. ಆಪೂಸ್ ಮಾವಿನ ಪೂರ್ಣ ಜೀನೋಮ್ 2020ರಲ್ಲಿ ಪ್ರಕಟವಾದ ಮೇಲೆ ಅದು ಮಾವಿನಲ್ಲೂ ಸುಲಭವಾಗಿದೆ. ಹಣ ಮತ್ತು ಕಂಪ್ಯೂಟರ್ ಬಲ್ಲವರು ಇದ್ದರೆ ಅದಕ್ಕೆ ಹೋಗಿ. ಕಸಿ ಯಾವುದು, ನಂಟು ಯಾವುದು ಎಂದು ತಿಳಿಯಲು ಒಳ್ಳೆಯ 10–15 ಎಸ್‌ಎಸ್‌ಆರ್ ಸಾಕು.

ಯಾಕೆ ಐದು ಸಾಲದು? ಡಿಎನ್‌ಎಯ ಒಂದು ಜಾಗದಲ್ಲಿ ಅಣ್ಣ ತಮ್ಮ ಮರಗಳೆರಡು ಸುಮ್ನೆ ಆಕಸ್ಮಿಕವಾಗಿ ಒಂದೇ ರೀತಿ ಕಾಣುವ ಸಾಧ್ಯತೆ 0.4 ಎಂದಿಟ್ಟುಕೊಳ್ಳಿ. ಐದು ಜಾಗ ನೋಡಿದರೆ ಅದು ನೂರಕ್ಕೆ ಒಂದು. ಹತ್ತು ನೋಡಿದರೆ ಹತ್ತು ಸಾವಿರಕ್ಕೆ ಒಂದು. ಒಂದೇ ಮರದಿಂದ ಉದುರಿದ ಗೊರಟೆಗಳು ಒಂದೇ ದಂಡೆಯಲ್ಲಿ ಬೆಳೆಯುವ ನಮ್ಮ ಹೊಳೆಸಾಲಿನಲ್ಲಿ ಅಣ್ಣ ತಮ್ಮಂದಿರು ಸಿಗುವುದು ಸಹಜ, ಅಲ್ವಾ?

ಡಿಎನ್‌ಎ ತೆಗೆಯುವುದು

ಮಾವಿನ ಎಲೆಯಲ್ಲಿ ಇರುವ ಒಗರಿನ ಪದಾರ್ಥ ಗಾಳಿ ತಾಗಿದ ಕೂಡಲೇ ಕಂದಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಅಂಥ ಕಂದು ಡಿಎನ್‌ಎ ಪಿಸಿಆರ್‌ನಲ್ಲಿ, ಅಂದರೆ ಬೇಕಾದ ತುಂಡಿನ ಅಸಂಖ್ಯ ಪ್ರತಿ ತೆಗೆಯುವ ಹಂತದಲ್ಲಿ, ಕೆಲಸ ಮಾಡುವುದಿಲ್ಲ. ಅಂಟಿನ ಸಕ್ಕರೆ ಪದಾರ್ಥವೂ ಹಾಗೆಯೇ ತೊಂದರೆ ಕೊಡುತ್ತದೆ. ಇವೆರಡನ್ನು ಕಳೆಯುವುದೇ ಇಲ್ಲಿನ ಸವಾಲು.

ಸಿಟಿಎಬಿ ಎಂಬ ಸಾಬೂನಿನಂಥ ರಾಸಾಯನಿಕ ಬಳಸುವ ವಿಧಾನ ಇದಕ್ಕೆ ಸರಿ. ದ್ರಾವಣದಲ್ಲಿ ಶೇ. 2 ಸಿಟಿಎಬಿ, 1.4 ಮೋಲಾರ್ ಉಪ್ಪು, 20 ಮಿಲಿಮೋಲಾರ್ ಇಡಿಟಿಎ, ಪಿಎಚ್ 8.0 ಇರುವ 100 ಮಿಲಿಮೋಲಾರ್ ಟ್ರಿಸ್ ಇರಲಿ. ಮಾವಿಗಾಗಿ ಶೇ. 2 ಪಿವಿಪಿ ಸೇರಿಸಿ, ಬಳಸುವ ಹೊತ್ತಿಗೆ ಶೇ. 2 ಬೀಟಾ ಮರ್ಕಾಪ್ಟೊಎಥನಾಲ್ ಹಾಕಿ. ಮಾಮೂಲಿ ಶೇ. 0.2 ಮಾವಿಗೆ ಸಾಲುವುದಿಲ್ಲ. ಪಿವಿಪಿ ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮರ್ಕಾಪ್ಟೊಎಥನಾಲ್ ಕಂದಾಗುವುದನ್ನು ತಡೆಯುತ್ತದೆ. ಅದರ ವಾಸನೆ ಘಾಟು, ವಿಷ ಕೂಡ. ಹೊಗೆ ಎಳೆಯುವ ಕಪಾಟಿನೊಳಗೇ ತೆರೆಯಿರಿ.

ಒಣಗಿದ ಎಲೆಯನ್ನು ನುಣ್ಣಗೆ ಪುಡಿ ಮಾಡಿ, 65 ಡಿಗ್ರಿಗೆ ಬಿಸಿ ಮಾಡಿಟ್ಟ ದ್ರಾವಣಕ್ಕೆ ಹಾಕಿ, ಆಗಾಗ ಮೆಲ್ಲಗೆ ಮಗುಚುತ್ತ 45 ನಿಮಿಷ ಅದೇ ಬಿಸಿಯಲ್ಲಿಡಿ. ಆರಿದ ಮೇಲೆ 24:1 ಅಳತೆಯ ಕ್ಲೋರೊಫಾರ್ಮ್–ಐಸೊಅಮೈಲ್ ಆಲ್ಕೋಹಾಲ್ ಅಷ್ಟೇ ಪ್ರಮಾಣದಲ್ಲಿ ಸೇರಿಸಿ, ಮಗುಚಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ. ಮೇಲಿನ ತಿಳಿಯನ್ನು ಮಾತ್ರ ತೆಗೆಯಿರಿ. ನಡುವಿನ ಕೆನೆಗೆ ಪಿಪೆಟ್ ತಾಗಬಾರದು. ತಿಳಿಯಲ್ಲಿ ಇನ್ನೂ ಬಣ್ಣ ಇದ್ದರೆ ಇದನ್ನೇ ಇನ್ನೊಮ್ಮೆ ಮಾಡಿ. ಆಮೇಲೆ ತಣ್ಣನೆಯ ಐಸೊಪ್ರೊಪನಾಲ್ ಹಾಕಿದರೆ ಡಿಎನ್‌ಎ ಬಿಳಿ ಎಳೆಯಾಗಿ ಇಳಿಯುತ್ತದೆ. ಎಳೆಯ ಬದಲು ಲೋಳೆ ಬಂದರೆ ಅದು ಅಂಟಿನ ಕಾಟ. ತಿಳಿಗೆ ಹೆಚ್ಚಿನ ಉಪ್ಪು ಸೇರಿಸಿ ಮತ್ತೆ ಇಳಿಸಿದರೆ ಬಹುತೇಕ ಹೋಗುತ್ತದೆ. ಶೇ. 70 ಎಥನಾಲ್‌ನಲ್ಲಿ ತೊಳೆದು, ಒಣಗಿಸಿ, ಟಿಇ ದ್ರಾವಣದಲ್ಲಿ ಕರಗಿಸಿ, ಆರ್‌ಎನ್‌ಏಸ್ ಹಾಕಿ ಆರ್‌ಎನ್‌ಎ ಕಳೆಯಿರಿ.

ಶೇ. 0.8 ಅಗರೋಸ್ ಜೆಲ್‌ನಲ್ಲಿ ಓಡಿಸಿ ನೋಡಿ. ಮೇಲೆ ಒಂದೇ ಗಟ್ಟಿ ಬ್ಯಾಂಡ್ ಇದ್ದರೆ ಒಳ್ಳೆಯದು, ಉದ್ದಕ್ಕೂ ಕಲೆ ಹಬ್ಬಿದ್ದರೆ ಡಿಎನ್‌ಎ ಮುರಿದಿದೆ. ಡಿಎನ್‌ಎ ಎಷ್ಟು ಬೆಳಕು ಹೀರುತ್ತದೆ ಎಂದು ಬೇರೆ ಬೇರೆ ತರಂಗಾಂತರಗಳಲ್ಲಿ (ನ್ಯಾನೊಮೀಟರ್) ಅಳೆದಾಗ 260/280 ಅನುಪಾತ 1.8ರ ಸುತ್ತ ಇರಬೇಕು. 260/230 ತುಂಬಾ ಕಡಿಮೆ ಬಂದರೆ ಒಗರು ಅಥವಾ ಅಂಟು ಉಳಿದಿದೆ ಎಂದೇ ತಿಳಿಯಿರಿ.

ಪಿಸಿಆರ್ ಮತ್ತು ಜೆಲ್

ಇದು ಯಂತ್ರದ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. 10 ಮೈಕ್ರೊಲೀಟರ್ ಮಿಶ್ರಣಕ್ಕೆ 25ರಿಂದ 50 ನ್ಯಾನೊಗ್ರಾಂ ಡಿಎನ್‌ಎ ಸಾಕು. 94 ಡಿಗ್ರಿಯಲ್ಲಿ 5 ನಿಮಿಷ. ಆಮೇಲೆ 35 ಸುತ್ತು: 94 ಡಿಗ್ರಿ 30 ಸೆಕೆಂಡ್, ಪ್ರೈಮರ್‌ಗೆ ತಕ್ಕಂತೆ 50ರಿಂದ 60 ಡಿಗ್ರಿ 30 ಸೆಕೆಂಡ್, 72 ಡಿಗ್ರಿ 45 ಸೆಕೆಂಡ್. ಕೊನೆಗೆ 72 ಡಿಗ್ರಿ 10 ನಿಮಿಷ. ಪ್ರತಿ ಸಲವೂ ಡಿಎನ್‌ಎ ಬದಲು ನೀರು ಹಾಕಿದ ಒಂದು ಟ್ಯೂಬ್ ಇಡಿ. ಅದರಲ್ಲೂ ಬ್ಯಾಂಡ್ ಬಂದರೆ ಎಲ್ಲೋ ಬೆರಕೆಯಾಗಿದೆ, ಆ ದಿನದ ಕೆಲಸ ಪೂರ್ತಿ ಬಿಡಿ.

ಎರಡು ಆಲೀಲ್‌ಗಳ, ಅಂದರೆ ಒಂದೇ ಜಾಗದ ಬೇರೆ ಬೇರೆ ರೂಪಗಳ, ನಡುವೆ ಎರಡೇ ಅಕ್ಷರದ ವ್ಯತ್ಯಾಸ ಇರಬಹುದು. ಸಾಮಾನ್ಯ ಅಗರೋಸ್‌ನಲ್ಲಿ ಅದು ಕಾಣುವುದಿಲ್ಲ. ಶೇ. 6–8 ಪಾಲಿಅಕ್ರಿಲಮೈಡ್ ಜೆಲ್ ಬಳಸಿ, ಅನುಕೂಲ ಇದ್ದರೆ ತುಂಡುಗಳ ಉದ್ದವನ್ನು ನಿಖರವಾಗಿ ಅಳೆಯುವ ಕ್ಯಾಪಿಲರಿ ಯಂತ್ರಕ್ಕೆ ಕಳಿಸಿ. ಬ್ಯಾಂಡ್ ಕಾಣಲು ಹಾಕುವ ಬಣ್ಣವಾದ ಎಥಿಡಿಯಂ ಬ್ರೋಮೈಡ್ ಮುಟ್ಟುವಾಗ ಕೈಗವಸು ಬೇಕೇ ಬೇಕು. ಜೆಲ್ ಆಗಿ ಗಟ್ಟಿಯಾಗದ ಅಕ್ರಿಲಮೈಡ್, ಪುಡಿಯಾಗಲಿ ದ್ರಾವಣವಾಗಲಿ, ನರಗಳಿಗೆ ವಿಷ.

ಅಂಕಿ ಬರೆಯುವಾಗ ಇಬ್ಬರು ಬೇರೆ ಬೇರೆ ಕೂತು ಬರೆಯಿರಿ, ಆಮೇಲೆ ತಾಳೆ ನೋಡಿ. ಹತ್ತರಲ್ಲಿ ಒಂದು ಮಾದರಿಯನ್ನು ಮೊದಲಿನಿಂದ ಮತ್ತೆ ಓಡಿಸಿ. ಮಸುಕು ಬ್ಯಾಂಡ್‌ಗೆ ಅಂದಾಜಿನಲ್ಲಿ ಅಂಕಿ ಹಾಕಬೇಡಿ, ಖಾಲಿ ಬಿಡಿ.

ಲೆಕ್ಕ

ಮೊದಲು ಒಂದೇ ರೀತಿ ಬಂದ ಮರಗಳನ್ನು ಹುಡುಕಿ. ಎಲ್ಲಾ ಜಾಗಗಳಲ್ಲೂ ಒಂದೇ ಅಂಕಿ ಬಂದ ಎರಡು ಜೀರಿಗೆ ಅಪ್ಪೆಗಳು ಒಂದೇ ತಾಯಿಯ ಕಸಿಗಳು ಎನ್ನಬಹುದು. ಬುಡದಲ್ಲಿ ಬರೆದುಕೊಂಡ ಕಸಿಯ ಕಥೆ ಅದಕ್ಕೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಆ ಮನೆಗೆ ಇನ್ನೊಮ್ಮೆ ಹೋಗಿ ಕೇಳಿ. ಪಡಿಯಚ್ಚುಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಮುಂದಿನ ಲೆಕ್ಕಕ್ಕೆ ಹೋಗಿ.

ಮುಂದಿನದು ನಿರೀಕ್ಷಿತ ವೈವಿಧ್ಯ. ಡಿಎನ್‌ಎಯ ಒಂದು ಜಾಗದಲ್ಲಿ ಮೂರು ಆಲೀಲ್‌ಗಳಿವೆ, ಅವುಗಳ ಪಾಲು 0.5, 0.3, 0.2 ಎನ್ನಿ. ಪ್ರತಿಯೊಂದನ್ನೂ ಅದರಿಂದಲೇ ಗುಣಿಸಿ ಕೂಡಿಸಿ: 0.25 + 0.09 + 0.04 = 0.38. ಅದನ್ನು 1ರಿಂದ ಕಳೆದರೆ 0.62. ಇದನ್ನು ನಿಜವಾಗಿ ಎರಡು ಬೇರೆ ಆಲೀಲ್ ಇರುವ ಮರಗಳ ಪಾಲಿನ ಜೊತೆ ಹೋಲಿಸಿ. ಅಪ್ಪೆಯಲ್ಲಿ ಎರಡೂ ಹತ್ತಿರ ಇರಬೇಕು. ನಿಜದ್ದು ತೀರಾ ಕಡಿಮೆ ಬಂದರೆ ಹತ್ತಿರದ ನಂಟಿನಲ್ಲೇ ಬೀಜ ಕಟ್ಟುತ್ತಿದೆ ಎಂದಾಗಬಹುದು, ಅಥವಾ ಪ್ರೈಮರ್ ಒಂದು ಆಲೀಲನ್ನು ಹಿಡಿಯುತ್ತಲೇ ಇಲ್ಲ ಎಂದಾಗಬಹುದು. ಒಂದೇ ಜಾಗದಲ್ಲಿ ಹೀಗಾದರೆ ಪ್ರೈಮರ್ ಮೇಲೆ ಅನುಮಾನಪಡಿ, ಎಲ್ಲಾ ಜಾಗಗಳಲ್ಲೂ ಆದರೆ ಮರಗಳ ಬಗ್ಗೆ ಯೋಚಿಸಿ. ಒಂದು ಹೊಳೆಯಿಂದ 30 ಮರ, ಇನ್ನೊಂದರಿಂದ 12 ಮರ ತಂದು ಆಲೀಲ್‌ಗಳ ಬರೀ ಎಣಿಕೆಯನ್ನು ಹೋಲಿಸಬೇಡಿ. ಜಾಸ್ತಿ ಮರ ನೋಡಿದಲ್ಲಿ ಜಾಸ್ತಿ ಆಲೀಲ್ ಸಿಗುವುದು ಸಹಜ.

ಈ ಲೆಕ್ಕಗಳಿಗೆ ಎಕ್ಸೆಲ್ ಒಳಗೇ ಕೆಲಸ ಮಾಡುವ ಜೆನ್‌ಅಲೆಕ್ಸ್ ಉಚಿತವಾಗಿ ಸಿಗುತ್ತದೆ. ಆರ್ ಎಂಬ ಲೆಕ್ಕದ ತಂತ್ರಾಂಶ ಬಲ್ಲವರಿಗೆ ಅಡೆಜೆನೆಟ್, ಪಾಪರ್ ಇವೆ. ಗುಂಪು ತಿಳಿಯಲು ಸ್ಟ್ರಕ್ಚರ್ ಇದೆ. ನಂಟಿನ ಮರವನ್ನು ಚಿತ್ರದಲ್ಲಿ ಬಿಡಿಸಿದಾಗ ಕೊಂಬೆ ಕವಲೊಡೆದ ಕಡೆಗಳಲ್ಲಿ ಬೂಟ್‌ಸ್ಟ್ರಾಪ್ ಅಂಕಿ (ಆ ಕವಲು ಎಷ್ಟು ನಂಬಿಕೆಯದು ಎಂದು ಹೇಳುವ ಅಂಕಿ) ಹಾಕಿ. ಅದು ಕಡಿಮೆ ಇದ್ದ ಕವಲನ್ನು ನಂಬಿ ಕಥೆ ಕಟ್ಟಬೇಡಿ.

ಕುಮಟೆ ಗಜನಿಯ ಕಗ್ಗ ಭತ್ತಕ್ಕಾದರೆ

ಗಜನಿ ಅಂದರೆ ಉಪ್ಪುನೀರು ನುಗ್ಗುವ ಗದ್ದೆ, ಕಗ್ಗ ಅಲ್ಲಿ ಬೆಳೆಯುವ ಭತ್ತ. ದಾರಿ ಇದೇ, ಲೆಕ್ಕ ಬೇರೆ. ಭತ್ತ ಸ್ವಕೀಯ ಪರಾಗಸ್ಪರ್ಶದ ಬೆಳೆ. ಒಂದು ಗಿಡದಲ್ಲಿ ಎರಡು ಬೇರೆ ಆಲೀಲ್ ಸಿಗುವುದೇ ಅಪರೂಪ. ಹಾಗಾಗಿ ಗಿಡಗಳು ಒಂದರೊಡನೊಂದು ಮುಕ್ತವಾಗಿ ಬೆರೆಯುತ್ತವೆ ಎಂದಿಟ್ಟುಕೊಳ್ಳುವ ಸ್ಟ್ರಕ್ಚರ್ ತಂತ್ರಾಂಶದ ಲೆಕ್ಕ ಇಲ್ಲಿ ಸರಿಹೊಂದುವುದಿಲ್ಲ. ಒಬ್ಬ ರೈತರ ಬೀಜದೊಳಗೇ ಹಲವು ಬಗೆ ಬೆರೆತಿರುತ್ತವೆ. ಎಲ್ಲಾ ಎಲೆಗಳನ್ನು ಒಟ್ಟಿಗೆ ಅರೆದು ಒಂದು ಮಾದರಿ ಮಾಡಿದರೆ ಆ ಬೆರಕೆಯೇ ಮುಚ್ಚಿಹೋಗುತ್ತದೆ. ಒಂದೊಂದು ಮನೆಯ ಬೀಜದಿಂದ 10–20 ಸಸಿ ಎಬ್ಬಿಸಿ, ಬೇರೆ ಬೇರೆಯಾಗಿ ಎಲೆ ತೆಗೆಯಿರಿ. ಭತ್ತಕ್ಕೆ ಆರ್‌ಎಂ ಎಂಬ ಸರಣಿಯ ಎಸ್‌ಎಸ್‌ಆರ್‌ಗಳು ಬೇಕಾದಷ್ಟಿವೆ.

ಉಪ್ಪು ತಾಳುವ ಗುಣ ನೋಡಬೇಕೆಂದರೆ ಅದು ಬೇರೆಯೇ ಪ್ರಶ್ನೆ. ಕೇರಳದ ಪೊಕ್ಕಾಳಿ ಭತ್ತದಿಂದ ಗುರುತಿಸಿದ ಸಾಲ್ಟಾಲ್ ಎಂಬ ಜಾಗ ಭತ್ತದ ಮೊದಲನೇ ವರ್ಣತಂತುವಿನಲ್ಲಿದೆ. ಅದರ ಹತ್ತಿರದ ಮಾರ್ಕರ್‌ಗಳನ್ನು ಕಗ್ಗದಲ್ಲೂ ಓಡಿಸಿ ನೋಡಬಹುದು. ಆದರೆ ಮಾರ್ಕರ್ ಒಂದೇ ರೀತಿ ಬಂತು ಎಂದ ಮಾತ್ರಕ್ಕೆ ಗುಣವೂ ಬಂತು ಎನ್ನಲಾಗದು, ಉಪ್ಪುನೀರಿನಲ್ಲಿ ಬೆಳೆಸಿಯೇ ನೋಡಬೇಕು. ಅಪ್ಪೆಗೂ ಈ ಮಾತು ಸಲ್ಲುತ್ತದೆ. ಹದಿನೈದು ಎಸ್‌ಎಸ್‌ಆರ್‌ಗಳು ಮರಗಳ ನಂಟು ಹೇಳುತ್ತವೆ. ಯಾವ ಮಿಡಿ ಭರಣಿಯಲ್ಲಿ ತಾಳುತ್ತದೆ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಮನೆಯ ಅಮ್ಮಂದಿರಿಂದ ಬರೆದುಕೊಂಡ ಆ ಹಾಳೆ.

ಫಲಿತಾಂಶ ಬಂದ ಮೇಲೆ

ಪ್ರತಿ ಮನೆಗೂ ಕನ್ನಡದಲ್ಲಿ ಒಂದು ಹಾಳೆ ಕೊಡಿ. ಅವರ ಮರದ ಸಂಖ್ಯೆ, ಅದು ಯಾವ ಮರಗಳಿಗೆ ಹತ್ತಿರ, ಅದರ ಹಾಗಿನದು ಬೇರೆಲ್ಲೂ ಸಿಗಲಿಲ್ಲವಾದರೆ ಆ ಮಾತು. ಒಪ್ಪಿದರೆ ಪಂಚಾಯ್ತಿಯ ಜೀವವೈವಿಧ್ಯ ದಾಖಲೆಗೂ ಸೇರಿಸಿ. ರೈತರು ತಮ್ಮ ತಳಿಯನ್ನು ಸಸ್ಯ ತಳಿ ಮತ್ತು ರೈತರ ಹಕ್ಕು ಸಂರಕ್ಷಣಾ ಕಾಯ್ದೆ 2001ರ ಅಡಿ ನೋಂದಾಯಿಸಬಹುದು. ಆಗ ಬಾಹ್ಯ ಲಕ್ಷಣಗಳ ದಾಖಲೆ ಬೇಕಾಗುತ್ತದೆ, ನಿಮ್ಮ ಟಿಪ್ಪಣಿ ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಉಳಿದ ಡಿಎನ್‌ಎಯನ್ನು ಮೈನಸ್ 20 ಡಿಗ್ರಿಯಲ್ಲಿ, ಒಣಗಿದ ಎಲೆಯ ಇನ್ನೊಂದು ಪೊಟ್ಟಣವನ್ನು ಹೊಸ ಸಿಲಿಕಾದಲ್ಲಿ ಇಡಿ. ಮುಂದೆ ಬರುವ ವಿದ್ಯಾರ್ಥಿ ಮತ್ತೆ ಆ ಮರ ಹತ್ತಬೇಕಾಗುವುದಿಲ್ಲ.

ಎಲ್ಲಕ್ಕಿಂತ ಬೇರೆಯಾಗಿ ನಿಂತ ಮರಗಳಿಂದ ಆದಷ್ಟು ಬೇಗ ಕಸಿಕಡ್ಡಿ ತೆಗೆದು ಕನಿಷ್ಠ ಎರಡು ಮೂರು ಊರುಗಳಲ್ಲಿ ಗಿಡ ಮಾಡಿಸಿ. ಒಂದೇ ತೋಟದಲ್ಲಿ ಎಲ್ಲವನ್ನೂ ಇಡಬೇಡಿ. ಗಿಡಕ್ಕೂ ತಾಯಿಮರದ ಸಂಖ್ಯೆಯನ್ನೇ ಕಟ್ಟಿ. ಕಸಿ ಹಿಡಿದು ಚೆನ್ನಾಗಿ ಚಿಗುರಿದ ಮೇಲೆ, ಗಂಟಿನ ಮೇಲಿನಿಂದ ಒಂದು ಎಲೆ ತೆಗೆದು ತಾಯಿಮರದ ಅಂಕಿಗಳ ಜೊತೆ ತಾಳೆ ನೋಡಿ.